ಹೊಡಿ ಎಂದು ಕೇಳಿಸಿದ ಹಾಡು

ಕಾರ್ತಿಕ ಮಾಸದ ಎರಡನೆಯ ಭಾನುವಾರ, ಮಧ್ಯಾಹ್ನ ಮೂರೂವರೆ ಗಂಟೆ. ಜಯನಗರದ ನಮ್ಮ ಮನೆಯ ಹಾಲ್. ಇದ್ದವರು ಮೂವರು: ನಾನು, ನನ್ನ ತಮ್ಮ, ಅವನ ಕಾಲೇಜು ಕಾಲದ ಗೆಳೆಯನಾದ ಇಟ್ಟಮಡುವಿನ ಡ್ರಮ್ಮರ್. ನಾನು ಸರ್ಕಾರಿ ಆಸ್ಪತ್ರೆಯ ತುರ್ತು ವಾರ್ಡಿಗೆ ನರ್ಸಾಗಿ ಸೇರಿ, ಅದೇ ವಾರ್ಡಿನ ಉಸ್ತುವಾರಿ ಹೊತ್ತು ನಿವೃತ್ತಳಾದವಳು. ಡ್ಯೂಟಿ ಬದಲಾಗುವಾಗ ಮೊದಲು ವೇಳೆ, ಆಮೇಲೆ ಯಾರಿದ್ದಾರೆ, ಆಮೇಲೆ ಯಾರಿಗೆ ಏನಾಗಿದೆ ಎಂದು ಮುಂದಿನವರಿಗೆ ಒಪ್ಪಿಸುವುದು ನಮ್ಮ ಶಿಸ್ತು. ಇದನ್ನೂ ಹಾಗೆಯೇ ಒಪ್ಪಿಸುತ್ತೇನೆ.

ತಮ್ಮನಿಗೆ ಇರುವುದು ಬಲಗಣ್ಣು ಒಂದೇ. ಎಡಗಣ್ಣು ಅವನು ಡಿಗ್ರಿ ಓದುವಾಗಲೇ ಹೋಯಿತು. ಉಳಿದ ಕಣ್ಣಿನ ರೆಟಿನಾ ಈ ವರ್ಷ ಆಷಾಢದಲ್ಲಿ ಹರಿಯಿತು. ಆಪರೇಷನ್ ಮಾಡಿದ ಡಾಕ್ಟರು ಮೃದು ಮಾತಿನವರಲ್ಲ. "ತಲೆಗೆ ಒಂದೇ ಒಂದು ಏಟು ಬಿದ್ರೂ ಮತ್ತೆ ಹರಿಯುತ್ತೆ. ಆಮೇಲೆ ನನ್ನ ಹತ್ರ ಬಂದು ಅಳ್ಬೇಡಿ," ಎಂದಿದ್ದರು. ಅಂಥವನು ಆ ಸಂಜೆ ಇಟ್ಟಮಡುವಿನ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಲು ಹೊರಟಿದ್ದ. ಹಾಡುವುದಿದ್ದದ್ದು ಎಡಗಣ್ಣು ತಿಂದ ಅದೇ ಹಾಡನ್ನು.

"ಬೇಡ," ಎಂದೆ.

"ಒಂದೇ ಹಾಡು ಅಕ್ಕ."

"ಇರೋದೂ ಒಂದೇ ಕಣ್ಣು."

ಡ್ರಮ್ಮರ್ ಸೋಫಾದ ತೋಳನ್ನು ಬೆರಳಲ್ಲಿ ಬಡಿಯುತ್ತ ನಕ್ಕ. "ಅಕ್ಕಾವ್ರೇ, ನಿಮ್ ಬಾಯಿಂದ ಬರೋದೆಲ್ಲ ಇಂಜೆಕ್ಷನ್ನೇ. ನಮ್ ಏರಿಯಾ, ನಮ್ ಹುಡುಗ್ರು. ಇವ್ನ ಮೈ ಮುಟ್ಟೋಕೆ ಯಾವನಿಗೆ ದಮ್ಮಿದೆ?"

"ಮೊದಲನೇ ಸಲಾನೂ ನಿನ್ನ ಏರಿಯಾ, ನಿನ್ನ ಹುಡುಗರೇ ಕಣೋ," ಎಂದೆ. ಅವನ ಬೆರಳು ನಿಂತಿತು.

ಆ ಮೊದಲ ಸಲದ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ಅದು ಪರದೇಶದ ರಾಕ್ ಹಾಡು. ತಮ್ಮ ಅದರ ರೆಕಾರ್ಡನ್ನು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಹಳೆ ಸಾಮಾನಿನ ಅಂಗಡಿಯಿಂದ ತಂದಿದ್ದ. ಹಾಡಿನಲ್ಲಿ ಒಂದೇ ಮನೆಯ ಅಣ್ಣ ತಮ್ಮ ಇಬ್ಬರು. ಸತ್ತ ಅಪ್ಪನ ಬಂದೂಕು ಯಾರಿಗೆ ಸೇರಬೇಕೆಂದು ಅವರಿಗೆ ಜಗಳ. ಬಾಗಿಲಲ್ಲಿ ನಿಂತ ತಾಯಿ 'ಹೋಲ್ಡ್ ಇಟ್, ಹೋಲ್ಡ್ ಇಟ್' ಎಂದು ಮಕ್ಕಳನ್ನು ತಡೆಯುತ್ತಾಳೆ. ಇಷ್ಟೇ ಕಥೆ. ಹಾಡಿದವರು ಮಾತ್ರ ಗಂಡಸರು, ಉದ್ದ ಕೂದಲು ಬಿಟ್ಟವರು. ಗಿಟಾರು ಗರಗಸದ ಹಾಗೆ ಕೊಯ್ಯುತ್ತಿತ್ತು, ಪಲ್ಲವಿ ಬಂದಾಗ ಡ್ರಮ್ಮು ಬಂದೂಕಿನ ಹಾಗೆ ಹಾರುತ್ತಿತ್ತು. ನಮ್ಮ ತಂದೆ ಅದನ್ನು ಕೇಳಿದಾಗೆಲ್ಲ ಪಂಚಾಂಗ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು.

ತಮ್ಮ ಗಿಟಾರು ಹಿಡಿದ. ಇಟ್ಟಮಡುವಿನ ರೈತರ ಮನೆಯ ಈ ಡ್ರಮ್ಮರ್ ಊರಹಬ್ಬಕ್ಕೆ ತಮಟೆ ಬಾರಿಸುತ್ತಿದ್ದವನು, ಬಾಡಿಗೆ ಡ್ರಮ್ ಸೆಟ್ಟಿನ ಹಿಂದೆ ಕೂತ. ರೆಕಾರ್ಡಿನ ಗಾಯಕ ಪದಗಳ ಕೊನೆಯನ್ನು ನುಂಗುತ್ತಿದ್ದ. ತಮ್ಮನೂ ಹಾಗೆಯೇ ನುಂಗಿ ಹಾಡುವುದನ್ನು ಕಲಿತ. 'ಹೋಲ್ಡ್ ಇಟ್' ಎಂಬುದು 'ಹೋಡಿ' ಆಯಿತು. ಇಟ್ಟಮಡುವಿಗೆ ಹೊಂದಿಕೊಂಡ ಬನಶಂಕರಿಯ ಗಣೇಶನ ಪೆಂಡಾಲಿನ ಮುಂದೆ ಅವರು ಅದನ್ನು ಹಾಡಿದಾಗ, ಮಣ್ಣಿನ ಮೇಲೆ ಕೂತಿದ್ದ ಹುಡುಗರಿಗೆ ಅದು 'ಹೊಡಿ' ಎಂದೇ ಕೇಳಿಸಿತು.

ಅಲ್ಲಿ ಎರಡು ಬೀದಿಯವರಿದ್ದರು. ಯಾರ ಗಣೇಶ ಮೊದಲು ಕೆರೆಗೆ ಹೋಗಬೇಕೆಂದು ಬೆಳಗಿನಿಂದಲೂ ಗುರಾಯಿಸಿಕೊಂಡಿದ್ದರು. ಮೈಕಿನಲ್ಲಿ ಒಬ್ಬ 'ಹೊಡಿ, ಹೊಡಿ' ಎನ್ನುತ್ತಿರುವಾಗ ಸುಮ್ಮನಿರುವುದು ಅವರಿಗೆ ಅವಮಾನವೆನಿಸಿರಬೇಕು. ಸೈಕಲ್ ಚೈನು ಬಂತು, ಸೋಡಾ ಬಾಟಲಿ ಬಂತು. ಗೋಲಿ ಸೋಡಾದ ಬಾಟಲಿಯನ್ನು ಕುಲುಕಿ ಎಸೆದರೆ ಅದು ಬಿದ್ದಲ್ಲಿ ಒಡೆಯುವುದಿಲ್ಲ, ಸಿಡಿಯುತ್ತದೆ. ಒಂದು ಬಾಟಲಿ ವೇದಿಕೆಯ ಕಂಬಕ್ಕೆ ಬಡಿದು ಸಿಡಿಯಿತು.

ಆ ಸಂಜೆ ನನ್ನ ಡ್ಯೂಟಿ. ಡ್ರಮ್ಮರ್ ತಮ್ಮನನ್ನು ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಯ ಬಾಗಿಲೊಳಗೇ ತುಳಿದುಕೊಂಡು ಬಂದ. ಮುಖಕ್ಕೆ ಸುತ್ತಿದ್ದ ಟವೆಲನ್ನು ಬಿಡಿಸಿದವಳು ನಾನೇ. ಎಡಗಣ್ಣು ಇದ್ದ ಜಾಗದಲ್ಲಿ ಹಸಿರು ಗಾಜು ನಿಂತಿತ್ತು. ತಮ್ಮ ಕೂಗಲಿಲ್ಲ. "ಅಕ್ಕ, ನಾನು ಹೊಡಿ ಅನ್ಲಿಲ್ಲ," ಎಂದ. ಅದನ್ನೇ ಅರಿವಳಿಕೆಯ ಮುಖವಾಡ ಇಡುವ ತನಕ ಹೇಳುತ್ತಲೇ ಇದ್ದ.

ತಮ್ಮ ಬ್ಯಾಂಕಿಗೆ ಸೇರಿದ. ಗಿಟಾರು ಅಟ್ಟ ಹತ್ತಿತು. ಹಾಡು ಮಾತ್ರ ಊರು ಬಿಡಲಿಲ್ಲ.

ಡ್ರಮ್ಮರ್ ಆರ್ಕೆಸ್ಟ್ರಾ ಕಟ್ಟಿದ. ಜನ ಬಂದು ಆ ಹೊಡಿ ಹಾಡು ಬೇಕು ಎಂದರು. ಅವನು ಬಂದೂಕು, ತಾಯಿ ಎಲ್ಲವನ್ನೂ ತೆಗೆದುಹಾಕಿ, ಅದೇ ಧಾಟಿಗೆ ಕನ್ನಡದ ಪದ ಕೂರಿಸಿ, ಲಯ ದುಪ್ಪಟ್ಟು ಮಾಡಿದ. ಪಲ್ಲವಿಗೆ 'ಹೊಡಿ ಹೊಡಿ' ಎಂದೇ ಇಟ್ಟ. ಹುಳಿಮಾವು, ಅಂಜನಾಪುರ, ಉತ್ತರಹಳ್ಳಿ, ಎಲ್ಲಿ ಆರ್ಕೆಸ್ಟ್ರಾ ಇದ್ದರೂ ಕೊನೆಗೆ ಅದೇ. ನಾನು ಒಂದಕ್ಕೂ ಹೋಗಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಹಾಡು ನನ್ನ ಟೇಬಲ್ಲಿಗೇ ಬರುತ್ತಿತ್ತು. ಆ ವರ್ಷಗಳಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಗೆಣ್ಣಿನ ಗಾಯ. ಇನ್ನೊಬ್ಬನ ಬಾಯಿಗೆ ಗುದ್ದಿದಾಗ ಅವನ ಹಲ್ಲು ಇವನ ಗೆಣ್ಣಿನೊಳಗೆ ಇಳಿದಿರುತ್ತದೆ. ಸಣ್ಣದು, ಸಾಸಿವೆಯಷ್ಟು. "ಗೇಟು ತರಚಿತು ಸಿಸ್ಟರ್," ಎನ್ನುತ್ತಾರೆ. ಗೇಟಿಗೆ ಹಲ್ಲಿರುವುದಿಲ್ಲ. ಬಿಟ್ಟರೆ ಮೂರನೆಯ ದಿನಕ್ಕೆ ಕೈ ಬದನೆಕಾಯಿಯಂತೆ ಊದಿ, ಕೀವು ಮೊಣಕೈಗೆ ಏರುತ್ತದೆ. ಒಬ್ಬ ಗಾರೆ ಕೆಲಸದವನ ಬೆರಳನ್ನು ಹಾಗೆ ಕತ್ತರಿಸಿ ತೆಗೆದದ್ದುಂಟು.

ಆಮೇಲೆ ಆ ಧಾಟಿಯನ್ನು ತಮಟೆಯವರು ಎತ್ತಿಕೊಂಡರು. ಅದಕ್ಕೆ ಪದವಿಲ್ಲ, ಬರೀ ಏಟು. ಗಣೇಶನನ್ನು ಬಿಡಲು ಹೋಗುವ ಮೆರವಣಿಗೆಗೆ ಅದೇ. ಪದವಿಲ್ಲದಿದ್ದರೂ 'ಹೊಡಿ' ಬರಬೇಕಾದ ಜಾಗದಲ್ಲಿ ಜನ ತಾವೇ ಕೂಗಿ ತುಂಬುತ್ತಿದ್ದರು. ಆ ಕಾಲದ ಗಾಯಗಳೆಲ್ಲ ತಲೆಯವು. ನೆತ್ತಿಯ ಚರ್ಮ ಸೀಳಿದರೆ ರಕ್ತ ಕುಡಿಕೆ ಒಡೆದಂತೆ ಸುರಿಯುತ್ತದೆ; ನೋಡಿದವರಿಗೆ ಸಾವೇ ಬಂದಂತೆ, ನಮಗೆ ನಾಲ್ಕು ಹೊಲಿಗೆ. ಅದಾದ ಮೇಲೆ ಲಾರಿಯ ಮೇಲೆ ಗೋಡೆಯೆತ್ತರದ ಸ್ಪೀಕರು ಕಟ್ಟುವ ಡಿಜೆಯವರು ಬಂದರು. ಅವರ ಕಾಲದಲ್ಲಿ ಒಬ್ಬ ಹುಡುಗ ಆ ಲಾರಿಯ ಮೇಲೆ ಕುಣಿಯುತ್ತ, ತಳ್ಳಾಟದಲ್ಲಿ ಚಕ್ರದ ಕೆಳಗೆ ಬಿದ್ದ. ಅವನ ತೊಡೆಯ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ಬ್ಯಾಂಡೇಜು ಕಟ್ಟುವಾಗ ಅವನ ಜೇಬಿನ ಫೋನು ಬಡಿದುಕೊಂಡಿತು. ರಿಂಗ್‌ಟೋನೂ ಅದೇ ಹಾಡು. ನಾನು ಫೋನನ್ನು ತೆಗೆದು ಆಫ್ ಮಾಡಿ ಟ್ರೇ ಕೆಳಗಿಟ್ಟೆ.

ಜೆ.ಪಿ. ನಗರದ ಪಬ್ಬುಗಳಲ್ಲಿ ನುಡಿಸುವ ಕೆಲವು ಓದಿದ ಹುಡುಗರು ಮೂಲ ಹಾಡನ್ನು ಹುಡುಕಿ, ಹೊಡಿ ಎಂಬುದು ತಪ್ಪು ಎಂದು ಕಂಡುಕೊಂಡರು. ಸಂತೋಷ. ಹೋಲ್ಡ್ ಎಂದರೆ ಹಿಡಿ ಎಂದು ಅರ್ಥ ಮಾಡಿ 'ಹಿಡಿ, ಹಿಡಿ' ಎಂದು ಹಾಡಿದರು. ನಮ್ಮ ಊರಿನಲ್ಲಿ ಬೀದಿಯಲ್ಲಿ ನಿಂತು ಹಿಡಿ ಹಿಡಿ ಎಂದು ಕೂಗುವುದು ಯಾವಾಗ? ಕಳ್ಳ ಓಡುವಾಗ. ಹಿಡಿದ ಮೇಲೆ ಮಾಡುವುದೇನು? ಅದೂ ಎಲ್ಲರಿಗೂ ಗೊತ್ತು. ಅಂತೂ ಆ ಹಾಡು ಎಷ್ಟು ಬಾಯಿ ದಾಟಿದರೂ ತಾಯಿಯ ಮಾತು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ.

ಆಷಾಢದ ಆಪರೇಷನ್ ಆದ ಮೇಲೆ ರೆಟಿನಾ ಅಂಟಿಕೊಳ್ಳಲೆಂದು ತಮ್ಮ ವಾರಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕಿತ್ತು. ಓದುವಂತಿಲ್ಲ, ಟಿವಿ ಇಲ್ಲ. ಫೋನಿನಲ್ಲಿ ಹಾಡು ಕೇಳುತ್ತಿದ್ದ. ಒಂದು ದಿನ ನಾನು ಕಣ್ಣಿಗೆ ಹನಿ ಹಾಕಲು ಹೋದಾಗ ದಿಂಬಿನೊಳಗಿಂದಲೇ ಮಾತಾಡಿದ. "ಅಕ್ಕ, ನಾವು ಒರಿಜಿನಲ್ ಅನ್ಕೊಂಡಿದ್ದೇ ಒರಿಜಿನಲ್ ಅಲ್ಲ. ಅದಕ್ಕೂ ಮುಂಚೆ ಒಬ್ಬ ಹೆಂಗಸು ಹಾಡಿದಾಳೆ. ಕೇಳು."

ಕೇಳಿದೆ. ಬರೀ ಪಿಯಾನೋ, ಒಂದು ದನಿ. ನಿಧಾನ. ಅವಳು ಕೂಗುವುದಿಲ್ಲ. ಅಟ್ಟದ ಅಂಚಿಗೆ ಬಂದ ಮಗುವಿಗೆ ತಾಯಿ ಕೂಗದೆ, ಮಗು ಬೆದರದ ಹಾಗೆ ಹೇಳುವಂತೆ ಹೇಳುತ್ತಾಳೆ. ರೆಕಾರ್ಡಿನ ಆ ಕೂದಲಿನವರು ಎತ್ತಿಕೊಂಡದ್ದು ಇವಳ ಹಾಡನ್ನು. "ಒಂದು ಸಲ ಇದನ್ನ ಹೀಗೇ ಹಾಡ್ಬೇಕು. ಅಲ್ಲೇ, ಅವರ ಮುಂದೇನೇ," ಎಂದ. ನಾನು ಹನಿ ಹಾಕಿ ಮುಚ್ಚಳ ತಿರುಗಿಸಿದೆ.

ಭಾನುವಾರದ ಮಧ್ಯಾಹ್ನಕ್ಕೆ ಬರುತ್ತೇನೆ. ಹಾಲ್‌ನಲ್ಲಿ ತಮ್ಮ ಮೆಲ್ಲಗೆ ಹಾಡಿ ತೋರಿಸಿದ. ಡ್ರಮ್ಮರ್ ಮುಖ ಹುಳಿ ತಿಂದಂತಾಯಿತು.

"ಮಗಾ, ಸಖತ್ತಾಗಿದೆ. ಆದ್ರೆ ಇದು ತಿಥಿ ಮನೆಗಾಯ್ತು. ಅಲ್ಲಿ ಜನ ಬೆಳಗ್ಗೆಯಿಂದ ಕ್ರಿಕೆಟ್ ಫೈನಲ್ ಆಡ್ಕೊಂಡು ಬಿಸಿಲಲ್ಲಿ ಕುದ್ದು ಬಂದಿರ್ತಾರೆ."

"ಸ್ಲೋ ನುಡಿಸ್ತೀಯೋ, ಇಲ್ಲ ನಾನೊಬ್ಬನೇ ಗಿಟಾರಲ್ಲಿ ಹಾಡ್ಲೋ?"

"ನುಡಿಸ್ತೀನಿ ಗುರು, ಯಾಕ್ ಕೋಪ ಮಾಡ್ಕೋತೀಯಾ. ನಿನ್ ಕಣ್ಣಾಣೆ, ಸ್ಲೋ ನುಡಿಸ್ತೀನಿ."

"ಆ ಕಣ್ಣಿನ ಮೇಲೆ ಮಾತ್ರ ಆಣೆ ಇಡ್ಬೇಡ," ಎಂದು ಗದರಿ, ನಾನೂ ಚೀಲ ಸಿದ್ಧ ಮಾಡಿಕೊಂಡೆ. ಹತ್ತಿ, ಬ್ಯಾಂಡೇಜ್ ಬಟ್ಟೆ, ಸಲೈನ್ ಬಾಟಲಿ, ಕಣ್ಣಿನ ಮೇಲೆ ಕಟ್ಟುವ ಗಟ್ಟಿ ಶೀಲ್ಡು. ತಡೆಯಲಾಗದಿದ್ದರೆ ಜೊತೆಗಿರಬೇಕು, ಅದು ನಿಯಮ.

ಆರೂವರೆಗೆ ಮೈದಾನದಲ್ಲಿದ್ದೆವು. ಹಳದಿ ಕೆಂಪು ಬಾವುಟ, ತಾಯಿ ಭುವನೇಶ್ವರಿಯ ಪಟ, ಮುಂದಿನ ಸಾಲಿನಲ್ಲಿ ಹೆಂಗಸರು, ಹಿಂದೆ ಹುಡುಗರು. ಬೆಳಗಿನ ಫೈನಲ್ಲಿನಲ್ಲಿ ಒಂದು ರನ್‌ಔಟಿನ ಮೇಲೆ ಮೇಲಿನ ಬೀದಿಗೂ ಕೆರೆ ಬೀದಿಗೂ ಮಾತಿಗೆ ಮಾತು ಬೆಳೆದಿದೆ ಎಂದು ಪಕ್ಕದಲ್ಲಿ ಕೂತ ಮುದುಕಿ ಹೇಳಿದಳು. ನಾನು ಜಾಗ ಬದಲಿಸಿ ವೇದಿಕೆಯ ಮೆಟ್ಟಿಲ ಹತ್ತಿರ, ಡ್ರಮ್ಮಿನ ಪಕ್ಕಕ್ಕೆ ಹೋಗಿ ನಿಂತೆ.

ತಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಬಿಳಿ ಶರಟಿನಲ್ಲಿ ಬಂದ. ಮೊದಲ ಚರಣ ಇಂಗ್ಲಿಷಿನಲ್ಲಿ ಹಾಡಿದ. ಮಾತು ಕೊಟ್ಟಂತೆ ಡ್ರಮ್ಮರ್ ಕೋಲು ಮುಟ್ಟದೆ ಬರೀ ತಂತಿಯ ಬ್ರಷ್ಷಿನಲ್ಲಿ ಡ್ರಮ್ಮನ್ನು ಸವರುತ್ತಿದ್ದ. ಪಲ್ಲವಿ ಬಂತು. ತಮ್ಮ ಆ ಎರಡು ಇಂಗ್ಲಿಷ್ ಪದಗಳನ್ನು ಹಾಡಲಿಲ್ಲ. "ತಡಿ," ಎಂದ. "ತಡಿ... ತಡಿಯಪ್ಪಾ..."

ಅವನು ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೋಲ್ಡ್ ಇಟ್ ಎಂಬುದಕ್ಕೆ ನಮ್ಮ ಮನೆಮಾತು ಅದೇ. ಮಗು ಬಿಸಿ ಪಾತ್ರೆಗೆ ಕೈ ಹಾಕಿದರೆ ಅನ್ನುವುದು ತಡಿ. ಮುಂದಿನ ಸಾಲಿನ ಆ ಮುದುಕಿ, "ಪಾಪ, ಯಾರನ್ನೋ ತಡೀತಾ ಅವ್ನೆ," ಎಂದು ಸೆರಗು ಬಾಯಿಗಿಟ್ಟಳು.

ಹಿಂದಿನಿಂದ ಶಿಳ್ಳೆ ಬಂತು. "ಅಂಕಲ್, ಹೊಡಿ ಹಾಡಿ ಅಂಕಲ್!" ಇನ್ನೊಬ್ಬ, "ಡ್ರಮ್ಮಣ್ಣಾ, ಎದ್ದೇಳಣ್ಣ!" ಎರಡನೆಯ ಪಲ್ಲವಿಯಲ್ಲಿ ತಮ್ಮ ತಡಿ ಎಂದಾಗ ಹಿಂದಿನವರೆಲ್ಲ ಒಟ್ಟಾಗಿ ಅದೇ ಧಾಟಿಯಲ್ಲಿ "ಹೊಡಿ!" ಎಂದರು. ಇವನು ತಡಿ ಎಂದ. ಅವರು ಹೊಡಿ ಎಂದರು. ಪ್ರಾಸ ಕೂಡಿತು, ಹಾಡು ಮೊದಲಿಗಿಂತ ಚೆನ್ನಾಗಿ ಕೂತಿತು. ಡ್ರಮ್ಮರ್ ಬ್ರಷ್ಷು ಕೆಳಗಿಟ್ಟು ಕೋಲು ಎತ್ತಿಕೊಂಡ.

ಯಾರು ಮೊದಲು ಕೈ ಎತ್ತಿದರೋ ಕಾಣಲಿಲ್ಲ. ಕೆರೆ ಬೀದಿಯ ಟೀಶರ್ಟಿನ ಹುಡುಗನೊಬ್ಬ ಕೆಳಗೆ ಬಿದ್ದ. ಅವನ ಸುತ್ತ ಕಾಲುಗಳು. ಪಕ್ಕೆಗೆ ಒದ್ದರು, ಬೆನ್ನಿಗೆ ಒದ್ದರು. ಒಬ್ಬ ಶೂ ಹಾಕಿದ ಕಾಲನ್ನು ಅವನ ಕೆನ್ನೆಯ ಮೇಲಿಟ್ಟು ಮೈಭಾರ ಬಿಟ್ಟ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಒಬ್ಬ ಬಾವುಟದ ಕೋಲನ್ನು ಬಟ್ಟೆಯ ಸಮೇತ ಕಿತ್ತುಕೊಂಡು ಬೀಸಿದ.

ತಮ್ಮ ಮೈಕನ್ನು ನೆಲದ ಮೇಲಿಟ್ಟ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಅವನು ಏನು ಮಾಡಲು ಹೊರಟಿದ್ದಾನೆಂದು ತಿಳಿದು, "ಬೇಡ್ವೋ! ಕಣ್ಣೋ!" ಎಂದು ಕೂಗಿದೆ. ಅವನು ಆಗಲೇ ವೇದಿಕೆಯ ಮುಂಭಾಗದಿಂದ ಇಳಿದಿದ್ದ.

ಡ್ರಮ್ಮು ಇನ್ನೂ ಬಡಿಯುತ್ತಲೇ ಇತ್ತು. ಆರ್ಕೆಸ್ಟ್ರಾದವರದು ಒಂದು ಪದ್ಧತಿ: ಗಲಾಟೆ ಎದ್ದರೆ ಬೀಟ್ ನಿಲ್ಲಿಸಬಾರದು. ನಿಲ್ಲಿಸಿದರೆ ವೇದಿಕೆಯ ಕಡೆ ನೋಡುತ್ತಿರುವವರೂ ಹಿಂದಕ್ಕೆ ತಿರುಗುತ್ತಾರೆ, ಗಲಾಟೆ ದೊಡ್ಡದಾಗುತ್ತದೆ ಎಂದು. ಬೇರೆ ಹಾಡಿಗೆ ಅದು ಸರಿಯೇ ಇರಬಹುದು. ಇಲ್ಲಿ ಡ್ರಮ್ಮರಿನ ಒಂದೊಂದು ಏಟಿಗೂ ಸರಿಯಾಗಿ ಒಂದೊಂದು ಒದೆ ಬೀಳುತ್ತಿತ್ತು.

"ನಿಲ್ಸೋ!"

"ನಿಲ್ಸಿದ್ರೆ ಜಾಸ್ತಿ ಆಗುತ್ತೆ ಅಕ್ಕಾವ್ರೇ! ನಲವತ್ತು ವರ್ಷದಿಂದ ನೋಡಿದೀನಿ!"

ನಾನೂ ನೋಡಿದ್ದೇನೆ, ಅದರ ಇನ್ನೊಂದು ತುದಿಯನ್ನು. ಮಾತಾಡುತ್ತ ನಿಲ್ಲಲು ಸಮಯವಿರಲಿಲ್ಲ. ವಾರ್ಡಿಗೆ ಕುಡಿದು ಬಂದವನ ಕೈಯಿಂದ ಬ್ಲೇಡು ಬಿಡಿಸುವಾಗ ಬೆರಳುಗಳನ್ನು ಎಳೆಯಬಾರದು. ಮಣಿಕಟ್ಟನ್ನು ಒಳಕ್ಕೆ ಮಡಿಸಿ ಒತ್ತಬೇಕು, ಮುಷ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಡ್ರಮ್ಮರಿನ ಬಲಗೈ ಹಿಡಿದು ಹಾಗೆ ಮಡಿಸಿದೆ. ಕೋಲು ಉರುಳಿತು. ಎಡಗೈಯದನ್ನು ಅವನೇ ಬಿಟ್ಟ.

ತಾಳ ನಿಂತಿತು. ಆಗ ಮೈದಾನಕ್ಕೆಲ್ಲ ಕೇಳಿಸಿದ್ದು ಒದೆಯ ಸದ್ದು. ಒದ್ದೆ ಗೋಣಿಚೀಲಕ್ಕೆ ಬಡಿದಂಥ ಸದ್ದು, ಅದರ ನಡುವೆ ಆ ಹುಡುಗನ ಉಸಿರು. ಒದೆಯುತ್ತಿದ್ದವರಿಗೂ ಅದು ಕೇಳಿಸಿರಬೇಕು. ಇಬ್ಬರು ಹಿಂದೆ ಸರಿದರು. ಒಬ್ಬ ಕಾಲೆತ್ತಿದವನು ಹಾಗೇ ನಿಂತ. ತಮ್ಮ ಹುಡುಗನ ಮೇಲೆ ಕವುಚಿ ಮಲಗಿ ಅವನ ತಲೆಯನ್ನು ಎದೆಯಡಿ ಮುಚ್ಚಿಕೊಂಡಿದ್ದ.

ಬಾವುಟದ ಕೋಲಿನವನಿಗೆ ಮಾತ್ರ ತಾಳ ನಿಂತದ್ದು ತಿಳಿಯಲಿಲ್ಲವೋ, ತಿಳಿದರೂ ಕೈ ತಡೆಯಲಿಲ್ಲವೋ. ಎತ್ತಿದ್ದನ್ನು ಇಳಿಸಿಯೇಬಿಟ್ಟ. ಅದು ತಾಳ ನಿಂತಿತೆಂದು ತಲೆಯೆತ್ತಿದ ತಮ್ಮನ ಬಲಹುಬ್ಬಿಗೆ ಬಿತ್ತು.

ನಾನು ಓಡಲಿಲ್ಲ. ಓಡಿದರೆ ಕೈ ನಡುಗುತ್ತದೆ. ನಡೆದು ಹೋದೆ. ಜನ ದಾರಿ ಬಿಟ್ಟರು. ಹುಬ್ಬು ಮೂಳೆಯ ತನಕ ಬಾಯಿ ತೆರೆದಿತ್ತು, ಕಣ್ಣಿನ ಗುಳಿ ರಕ್ತದ ಬಟ್ಟಲಾಗಿತ್ತು. ಕೆಳಗಿದ್ದ ಹುಡುಗ ಎದ್ದು ಕೂತು ಒಂದು ಹಲ್ಲು ಉಗುಳಿ, "ತಾತಂಗೆ ನೋಡಿ, ನಾನು ಓಕೆ," ಎಂದ. ಅವನ ಪಕ್ಕೆಲುಬು ಮುರಿದಿತ್ತು, ಅದು ಅವನ ಬೀದಿಯವರು ಆಸ್ಪತ್ರೆಗೆ ಒಯ್ದ ಮೇಲೆ ತಿಳಿದದ್ದು.

ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಿಗೆ ಬ್ಯಾಂಡೇಜ್ ಬಟ್ಟೆ ಒತ್ತಿ, ಸಲೈನ್ ಸುರಿದೆ. ಕೆಂಪು ನೀರು ಹರಿಯಿತು, ಮತ್ತೆ ತುಂಬಿತು, ಮತ್ತೆ ಸುರಿದೆ. ರೆಪ್ಪೆ ಬಿಡಿಸುವ ಮುಂಚೆ ನನ್ನ ಬೆರಳು ಒಂದು ಸಲ ನಿಂತದ್ದು ನಿಜ. ಬಿಡಿಸಿದೆ. ಕಪ್ಪುಗುಡ್ಡೆ ದುಂಡಗಿತ್ತು, ಕಣ್ಣು ಒಡೆದಿರಲಿಲ್ಲ. ಗುಡ್ಡೆ ದುಂಡಗಿದ್ದ ಮಾತ್ರಕ್ಕೆ ಒಳಗಿನ ರೆಟಿನಾ ಉಳಿದಿದೆ ಎಂದಲ್ಲ.

ಡ್ರಮ್ಮರ್ ಬಂದು ಮಂಡಿಯೂರಿದ್ದ. "ಕಾಣ್ತಾ ಕೇಳಿ ಅಕ್ಕಾವ್ರೇ. ಕೇಳಿ, ಕಾಣ್ತಾ ಅಂತ."

ತಮ್ಮ ಕಣ್ಣನ್ನು ಆ ಕಡೆ, ಈ ಕಡೆ ತಿರುಗಿಸಿದ. "ಕಾಣ್ತಿದೆ ಕಣೋ. ಗ್ರಹಚಾರ ನೋಡು, ಇಷ್ಟು ಜನದಲ್ಲಿ ನಿನ್ನ ಮೂತೀನೇ ಕಾಣ್ತಿದೆ."

"ಬೈ ಮಗಾ. ಇನ್ನೂ ಬೈ."

"ಪರದೆ ಥರ ಏನಾದ್ರೂ ಇಳೀತಿದ್ಯಾ? ಮಿಂಚು?" ಎಂದು ಕೇಳಿದೆ. ರೆಟಿನಾ ಹರಿದರೆ ಮೊದಲು ಕಾಣುವುದು ಅವೇ.

"ಇಲ್ಲ ಅಕ್ಕ. ಉರಿ ಅಷ್ಟೇ."

ಶೀಲ್ಡು ಕಟ್ಟಿ, ಡ್ರಮ್ಮರಿನ ಕಾರಿನಲ್ಲಿ ತಲೆ ಅಲುಗದಂತೆ ಹಿಡಿದುಕೊಂಡು ಆಪರೇಷನ್ ಮಾಡಿದ ಡಾಕ್ಟರ ಬಳಿಗೆ ಹೋದೆವು. ಭಾನುವಾರವಾದರೂ ಬಂದರು. ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ನಾವಿಬ್ಬರೂ ಬಾಗಿಲ ಬಳಿ ನಿಂತಿದ್ದೆವು. ಡ್ರಮ್ಮರ್ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

"ಹುಬ್ಬಿನ ಮೂಳೆ ಏಟು ತಿಂದಿದೆ, ರೆಟಿನಾ ಜಾಗದಲ್ಲೇ ಇದೆ," ಎಂದರು ಡಾಕ್ಟರು. "ಒಂದು ಬೆರಳು ಕೆಳಗೆ ಬಿದ್ದಿದ್ರೆ ಮುಗೀತಿತ್ತು. ಈ ವಯಸ್ಸಲ್ಲಿ ಏನ್ ಸಾರ್ ಇದೆಲ್ಲ?"

"ಹಾಡು ಸಾರ್," ಎಂದ ತಮ್ಮ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೊಲಿಗೆಯ ಟ್ರೇ ಎಲ್ಲಿದೆ ಎಂದು ಕೇಳಿದೆ. ಅವರು ಹೊಲಿದರು, ನಾನು ದಾರ ಕತ್ತರಿಸಿದೆ.

ಮನೆಯ ಗೇಟಿನಲ್ಲಿ ಡ್ರಮ್ಮರ್ ಕಾರು ನಿಲ್ಲಿಸಿ, "ಇನ್ನು ಆ ಹಾಡು ಬಾರ್ಸಲ್ಲ ಕಣೋ," ಎಂದ.

"ನೀನು ಬಿಟ್ರೆ ಇನ್ನೊಬ್ಬ ಬಾರಿಸ್ತಾನೆ. ಅದು ಈಗ ನಮ್ಮ ಕೈಲಿಲ್ಲ," ಎಂದ ತಮ್ಮ. "ಮೊದಲ್ನೇ ಚರಣಕ್ಕೆ ಬ್ರಷ್ ಚೆನ್ನಾಗಿ ಆಡಿಸ್ದೆ." ಡ್ರಮ್ಮರ್ ಸ್ಟೀರಿಂಗ್ ಮೇಲೆ ಹಣೆ ಇಟ್ಟ. ನಾವು ಒಳಗೆ ಹೋದ ಮೇಲೂ ಕಾರು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ತಮ್ಮನಿಗೆ ಮೊಸರನ್ನ ತಿನ್ನಿಸಿ, ಮಾತ್ರೆ ಕೊಟ್ಟು, ಎರಡು ದಿಂಬು ಎತ್ತರಿಸಿ ಮಲಗಿಸಿದೆ. ಬಿಳಿ ಶರಟು ಎದೆಯ ತನಕ ಕೆಂಪಾಗಿತ್ತು. ರಕ್ತದ ಬಟ್ಟೆಗೆ ಬಿಸಿನೀರು ತಾಗಿಸಬಾರದು, ಕಲೆ ಕಚ್ಚಿಕೊಳ್ಳುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ನೆನೆಸಿ, ಉಜ್ಜಿ, ನೀರು ತಿಳಿಯಾಗುವ ತನಕ ಹಿಂಡಿ ಹಿಂಡಿ ತೆಗೆದು, ಹಿತ್ತಲಿನ ತಂತಿಯ ಮೇಲೆ ಕಾಲರು ಕೆಳಗಾಗಿ ಒಣಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿದೆ.